ಹನೂರು ರಸ್ತೆಯ ಜಾಯಿಂಟ್ ಬಾಕ್ಸ್

ಡಿಪ್ಲೊಮಾ ಮುಗಿಸಿದ ಮೇಲೆ ಎರಡು ವರ್ಷ ನಾನು ಕೊಳ್ಳೇಗಾಲದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದೆ. ಬಟ್ಟೆ ಅಂಗಡಿಯ ಮೇಲಿನ ಮಹಡಿ, ಹನ್ನೆರಡು ಕಂಪ್ಯೂಟರು, ಕಿಟಕಿ ತೆಗೆದರೆ ರಸ್ತೆಯ ಸದ್ದು. ಬೆಳಿಗ್ಗೆ ನಮ್ಮೂರು ಧನಗೆರೆಯಿಂದ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ವಾಪಸಾಗುತ್ತಿದ್ದೆ. ಆ ಕೆಲಸ ಬೇಸರವಾಗಿತ್ತು ಎನ್ನಲಾರೆ, ಹಿಡಿಸಿತ್ತು ಎಂದೂ ಹೇಳಲಾರೆ. ಅಪ್ಪ ಕುಂತೂರಿನ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಅವ್ವ ಮನೆ ಮತ್ತು ಎರಡು ಹಸು ನೋಡಿಕೊಳ್ಳುತ್ತಿದ್ದಳು. ಮಗಳು ನೆರಳಿನಲ್ಲಿ ಕೂತು ಕೆಲಸ ಮಾಡುತ್ತಾಳೆ ಎನ್ನುವುದು ಇಬ್ಬರಿಗೂ ಸಾಕಾಗಿತ್ತು.

ಕೇಂದ್ರದ ಅಷ್ಟೂ ಕಂಪ್ಯೂಟರುಗಳ ಕೇಬಲ್ಲು ಮೂಲೆಯಲ್ಲಿದ್ದ ಒಂದು ಚಿಕ್ಕ ಪೆಟ್ಟಿಗೆಗೆ ಬಂದು ಸೇರುತ್ತಿತ್ತು. ಅದಕ್ಕೆ ಸ್ವಿಚ್ ಎನ್ನುತ್ತಾರೆ. ಅದರಲ್ಲಿ ಏನು ತೊಂದರೆ ಬಂದರೂ ಮೈಸೂರಿನಿಂದ ಒಬ್ಬ ಬರಬೇಕು. ಬಂದವನು ಎಲ್ಲರನ್ನೂ ದೂರ ನಿಲ್ಲಿಸಿ, ಗೋಡೆಯ ಕಡೆ ತಿರುಗಿಕೊಂಡು, ಐದು ನಿಮಿಷದಲ್ಲಿ ಏನೋ ಮಾಡಿ ಹೊರಟುಬಿಡುತ್ತಿದ್ದ. ಅವನ ಬೆನ್ನನ್ನು ನೋಡಿದಷ್ಟು ಸಲ ನಾನು ಅವನ ಮುಖವನ್ನು ನೋಡಿಲ್ಲ.

ಒಂದು ದಿನ ನಮ್ಮ ವಿದ್ಯಾರ್ಥಿಗಳಿಗೆ ಪರೀಕ್ಷೆ. ಹನ್ನೊಂದಕ್ಕೆ ಶುರುವಾಗಬೇಕು. ಒಂಬತ್ತೂವರೆಗೆ ಮೂರು ಕಂಪ್ಯೂಟರು ಸಂಪರ್ಕ ಕಳೆದುಕೊಂಡವು. ಮೈಸೂರಿನವನು ಫೋನಿನಲ್ಲಿ, ಇವತ್ತು ಆಗಲ್ಲ, ನಾಳೆ ಬರುತ್ತೇನೆ ಎಂದ. ಮಾಲೀಕರು ತಲೆಯ ಮೇಲೆ ಕೈ ಹೊತ್ತು ಕೆಳಗಿಳಿದು ಹೋದರು. ನಾನು ಒಂದು ಕೇಬಲ್ಲಿನ ತುದಿ ಕಿತ್ತು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಗಾಜಿನಂಥ ಪ್ಲಾಸ್ಟಿಕ್ಕಿನೊಳಗೆ ಎಂಟು ಎಳೆ. ಚೆನ್ನಾಗಿದ್ದ ಕೇಬಲ್ಲಿನ ತುದಿಯಲ್ಲಿ ಬಣ್ಣಗಳು ಒಂದು ಕ್ರಮದಲ್ಲಿ ಕೂತಿದ್ದವು: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಅದನ್ನು ಅಂಗೈ ಮೇಲೆ ಬರೆದುಕೊಂಡೆ. ತುದಿ ಒತ್ತುವ ಇಕ್ಕಳ, ಒಂದು ಹಿಡಿ ಹೊಸ ತುದಿ ಮಾಲೀಕರ ಮೇಜಿನ ಡ್ರಾಯರಿನಲ್ಲೇ ಇದ್ದವು, ಸುತ್ತಿದ್ದ ಹಾಳೆಯನ್ನೂ ಬಿಚ್ಚಿರಲಿಲ್ಲ. ಮೊದಲ ಮೂರು ತುದಿ ಹಾಳು ಮಾಡಿದೆ. ನಾಲ್ಕನೆಯದನ್ನು ಸಿಕ್ಕಿಸಿದಾಗ ಸ್ವಿಚ್ಚಿನ ಮೇಲೆ ಹಸಿರು ದೀಪ ಹತ್ತಿತು. ಹತ್ತೂಮುಕ್ಕಾಲಿಗೆ ಮೂರೂ ಕಂಪ್ಯೂಟರು ಸಿದ್ಧವಾಗಿದ್ದವು.

ಮಾಲೀಕರು ಬಂದು, "ಯಾರು ಬಂದಿದ್ರು?" ಎಂದು ಕೇಳಿದರು.

"ಯಾರೂ ಬಂದಿಲ್ಲ ಸಾ. ನಾನೇ ಮಾಡಿದೆ."

ಅವರು ನನ್ನ ಅಂಗೈ ನೋಡಿದರು. ಆಮೇಲೆ ಹಾಜರಿ ತೆಗೆದುಕೊಳ್ಳಲು ಹೇಳಿದರು, ಅಷ್ಟೇ. ಆದರೆ ಮೈಸೂರಿನವನು ಆಮೇಲೆ ನಮ್ಮಲ್ಲಿಗೆ ಬರಲಿಲ್ಲ. ಆರು ತಿಂಗಳಲ್ಲಿ ಆ ಬೀದಿಯ ಇನ್ನೆರಡು ಅಂಗಡಿಯವರು ನನ್ನನ್ನು ಕರೆಯತೊಡಗಿದರು. ಅವರಲ್ಲೊಬ್ಬರ ಪರಿಚಯದಿಂದ ಕೊಳ್ಳೇಗಾಲದ ಒಬ್ಬ ಗುತ್ತಿಗೆದಾರರ ಬಳಿ ಕೆಲಸ ಸಿಕ್ಕಿತು. ಕಚೇರಿ, ಶಾಲೆಗಳಿಗೆ ಕೇಬಲ್ ಎಳೆದು ಕಂಪ್ಯೂಟರುಗಳನ್ನು ಜೋಡಿಸಿ ಕೊಡುವುದು ಅವರ ವ್ಯವಹಾರ.

ಮೊದಲ ಕೆಲಸ ಯಳಂದೂರಿನಲ್ಲಿ, ಒಂದು ಹಳೆಯ ಕಟ್ಟಡದಲ್ಲಿ. ಗೋಡೆ ಎಷ್ಟು ದಪ್ಪ ಎಂದರೆ ಡ್ರಿಲ್ಲಿನ ಅತಿ ಉದ್ದದ ಮೊನೆಯೂ ಆಚೆಗೆ ಮುಟ್ಟುತ್ತಿರಲಿಲ್ಲ. ಈ ಬದಿಯಿಂದ ಅರ್ಧ, ಆ ಬದಿಯಿಂದ ಅರ್ಧ ಕೊರೆದು ಎರಡು ತೂತೂ ನಡುವೆ ಸಂಧಿಸುವಂತೆ ಲೆಕ್ಕ ಹಾಕಬೇಕು. ನಾನು ಚೂಡಿದಾರದ ಮೇಲೆ ಅಪ್ಪನ ಹಳೆಯ ಅಂಗಿ ಹಾಕಿಕೊಂಡು, ಮೂಗಿಗೆ ದುಪಟ್ಟಾ ಕಟ್ಟಿ ಏಣಿ ಹತ್ತಿದ್ದೆ. ಕೆಳಗೆ ಬಂದ ಒಬ್ಬ ನೌಕರರು ಏಣಿ ಹಿಡಿದುಕೊಂಡಿದ್ದ ನಮ್ಮ ಹುಡುಗನನ್ನು, "ಇಂಜಿನಿಯರ್ ಯಾವಾಗ ಬತ್ತಾರೆ?" ಎಂದು ಕೇಳಿದರು. ಅವನು ಮೇಲೆ ಕೈ ತೋರಿಸಿದ. ಅವರು ಮೇಲೆ ನೋಡಿ, ಸೀಲಿಂಗಿನ ಹಿಂದೆ ಇನ್ನಾರಾದರೂ ಇದ್ದಾರೆಯೇ ಎನ್ನುವಂತೆ ಇನ್ನಷ್ಟು ಕತ್ತೆತ್ತಿದರು. ಇಂಥದ್ದು ಆಮೇಲೂ ತುಂಬ ಸಲ ಆಯಿತು. ಮೊದಮೊದಲು ಮುಖ ಬಿಸಿಯಾಗುತ್ತಿತ್ತು. ಕ್ರಮೇಣ ಅದೂ ಸೀಲಿಂಗಿನ ಧೂಳಿನಂತೆ ಕೆಲಸದ ಒಂದು ಭಾಗವಾಯಿತು. ಆ ಕಟ್ಟಡದಲ್ಲಿ ನಾನು ಕೊರೆದ ಎರಡು ತೂತು ಒಂದಕ್ಕೊಂದು ನಾಲ್ಕು ಬೆರಳು ತಪ್ಪಿದ್ದವು. ಅದನ್ನು ಉಳಿಯಿಂದ ಸರಿಮಾಡಲು ಇನ್ನೊಂದು ದಿನ ಹಿಡಿಯಿತು.

ಈ ಕೆಲಸದ ಅಕ್ಷರಾಭ್ಯಾಸ ನನಗೆ ಆದದ್ದು ಮಾತ್ರ ನಮ್ಮ ಬೀದಿಯಲ್ಲೇ. ನಾಲ್ಕು ಮನೆ ಆಚೆ ಒಬ್ಬ ನಿವೃತ್ತ ಟೆಲಿಫೋನ್ ಲೈನ್‌ಮನ್ ಇದ್ದರು. ವರಸೆಯಲ್ಲಿ ನನಗೆ ದೊಡ್ಡಪ್ಪ. ತಾಮ್ರದ ತಂತಿಯ ಕಾಲದವರು. ಕೊಳ್ಳೇಗಾಲದಿಂದ ಹನೂರಿನವರೆಗೆ ಯಾವ ಮೋರಿಯ ಕೆಳಗೆ ಹಳೆಯ ಕೇಬಲ್ಲು ಮಲಗಿದೆ, ಯಾವ ಕಂಬ ಬಾಗಿದೆ, ಎಲ್ಲ ಬಾಯಿಪಾಠ. ಗುತ್ತಿಗೆದಾರರು ಊರೂರಿಗೆ ಫೈಬರ್ ಎಳೆಯುವ ಕೆಲಸ ಹಿಡಿದಾಗ ದಾರಿ ತೋರಿಸಲು ಯಾರಾದರೂ ಬೇಕಿತ್ತು. ನಾನು ದೊಡ್ಡಪ್ಪನ ಹೆಸರು ಹೇಳಿದೆ. ಅವರು ಬರುವುದಿಲ್ಲ ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಹಳೆಯ ಖಾಕಿ ಅಂಗಿ ಹಾಕಿಕೊಂಡು, ಊಟದ ಬುತ್ತಿ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತಿದ್ದರು.

ಫೈಬರ್ ಎಂದರೆ ಕೂದಲಿಗಿಂತ ತುಸು ದಪ್ಪದ ಗಾಜಿನ ಎಳೆ. ಅದರೊಳಗೆ ಬೆಳಕು ಹೋಗುತ್ತದೆ. ಎರಡು ಎಳೆಯ ತುದಿಗಳನ್ನು ಒರೆಸಿ, ನೇರ ಕತ್ತರಿಸಿ, ಒಂದು ಚಿಕ್ಕ ಯಂತ್ರದೊಳಗೆ ಇಟ್ಟರೆ ಅದು ಕಿಡಿ ಹೊಡೆದು ಬೆಸೆಯುತ್ತದೆ. ಬೆಸೆದ ಎಳೆಗಳನ್ನು ಒಂದು ತಟ್ಟೆಯಲ್ಲಿ ಸುತ್ತಿಟ್ಟು, ಮುಚ್ಚಳ ಹಾಕಿ, ಕಪ್ಪು ಪೆಟ್ಟಿಗೆಯಲ್ಲಿ ಭದ್ರ ಮಾಡಿ ಕಂಬಕ್ಕೆ ತೂಗುಹಾಕಬೇಕು. ಅದೇ ಜಾಯಿಂಟ್ ಬಾಕ್ಸು. ದೊಡ್ಡಪ್ಪನ ಕಣ್ಣಿಗೆ ಆ ಎಳೆ ಕಾಣುತ್ತಿರಲಿಲ್ಲ. ಬೆರಳಿನಿಂದ ತಡವಿ, "ಇದ್ರೊಳ್ಗೆ ಮಾತು ಓಯ್ತದಾ? ನಮ್ ತಂತಿ ಆದ್ರೆ ಕೈ ತುಂಬ ಸಿಗ್ತಿತ್ತು" ಎಂದಿದ್ದರು. ಆದರೂ ಬೆಸೆಯುವ ಯಂತ್ರ ನಾನು ಹಿಡಿದರೆ, ಎಲ್ಲಿ ಬೆಸೆಯಬೇಕು ಎನ್ನುವುದನ್ನು ಅವರು ಹೇಳುತ್ತಿದ್ದರು. ಬೈಕಿನಲ್ಲಿ ಹೋಗಲು ಬಿಡುತ್ತಿರಲಿಲ್ಲ.

"ಗಾಡೀಲಿ ಓದ್ರೆ ಕಂಬ ಕಾಣ್ತವೆ ಮಗಾ, ತಂತಿ ಕಾಣಲ್ಲ. ಇಳ್ದು ನಡಿ."

ಹೀಗೆ ಆ ರಸ್ತೆಗಳನ್ನು ನಾನು ನಡೆದೇ ಕಲಿತೆ. ಒಂದೂವರೆ ವರ್ಷದಲ್ಲಿ ಕಣ್ಣು ಮುಚ್ಚಿದರೂ ಬೆಸೆಯಬಲ್ಲೆ ಎನ್ನುವ ಧೈರ್ಯ ಬಂದಿತ್ತು. ದಿನಕ್ಕೆ ಎಷ್ಟು ಪೆಟ್ಟಿಗೆ ಮುಚ್ಚಿದೆ ಎಂದು ಎಣಿಸುವ ಅಭ್ಯಾಸವೂ ಆಗಿತ್ತು. ಈ ಎರಡನೆಯದು ಒಳ್ಳೆಯದಲ್ಲ ಎಂದು ಗೊತ್ತಾಗಲು ಒಂದು ಬೇಸಿಗೆ ಬೇಕಾಯಿತು.

ಬಂಡಳ್ಳಿಯ ಕಡೆ ಹೋಗುವ ದಾರಿಯಲ್ಲಿ ಒಂದು ಊರು, ಅಲ್ಲೊಂದು ಚಿಕ್ಕ ಸೇವಾ ಕೇಂದ್ರ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಸುತ್ತಲ ಊರಿನವರು ಅಲ್ಲಿಗೇ ಬರಬೇಕು. ಅಲ್ಲಿಯ ನೆಟ್ ಪದೇ ಪದೇ ಹೋಗುತ್ತಿದೆ ಎಂದು ದೂರು ಬಂತು. ನಾನು ಬೆಳಿಗ್ಗೆ ಹೋದೆ. ಎಲ್ಲ ಸರಿಯಾಗಿತ್ತು. ಹನೂರಿನಿಂದ ಯಂತ್ರ ಹಚ್ಚಿ ನೋಡಿದೆ. ಆ ಯಂತ್ರ ಎಳೆಯೊಳಗೆ ಬೆಳಕು ಬಿಟ್ಟು, ಎಷ್ಟು ದೂರದಲ್ಲಿ ಎಲ್ಲಿ ಬೆಳಕು ಸೋರುತ್ತಿದೆ ಎಂದು ಪರದೆಯ ಮೇಲೆ ಗೆರೆಯಲ್ಲಿ ತೋರಿಸುತ್ತದೆ. ಗೆರೆ ಸ್ವಚ್ಛವಾಗಿತ್ತು. ಕೇಂದ್ರದೊಳಗೆ ಫೈಬರ್ ಬಂದು ಸೇರುವ ಪೆಟ್ಟಿಗೆ ಬದಲಾಯಿಸಿ ವಾಪಸು ಬಂದೆ. ಮರುದಿನ ಮತ್ತೆ ದೂರು. ಮತ್ತೆ ಬೆಳಿಗ್ಗೆ ಹೋದೆ, ಮತ್ತೆ ಸರಿಯಾಗಿತ್ತು. ಮೂರನೆಯ ದಿನ ಅಲ್ಲಿಯ ಗುಮಾಸ್ತರು ಮುಖ ಕೊಟ್ಟು ಮಾತಾಡಲಿಲ್ಲ. "ನೀವು ಬಂದಾಗ ಇರ್ತದೆ, ಓದ್ಮೇಲೆ ಓಯ್ತದೆ. ನಾವೇನು ಸುಳ್ಳು ಏಳ್ತಿದ್ದೀವಾ?" ಎಂದರು.

ನಾಲ್ಕನೆಯ ದಿನ ಭಾನುವಾರ, ರಜೆ. ಮಧ್ಯಾಹ್ನ ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದರು. ನಾನು ಏನೇನು ಬದಲಾಯಿಸಿದೆ ಎಂದು ಹೇಳಿದೆ. ಅವರು ಪೂರ್ತಿ ಕೇಳಿ, "ಎಷ್ಟೊತ್ಗೆ ಓಯ್ತದೆ?" ಎಂದರು.

"ಗೊತ್ತಿಲ್ಲ. ಪದೇ ಪದೇ ಹೋಗುತ್ತೆ ಅಂತಾರೆ."

"ಎಲ್ಲಿ ಓಯ್ತದೆ ಅಂತ ಆಮೇಲ್ ಉಡ್ಕು. ಯಾವಾಗ ಓಯ್ತದೆ ಅಂತ ಮೊದ್ಲು ಕೇಳು ಮಗಾ. ಕೇಳ್ದೆ ಪೆಟ್ಗೆ ಬಿಚ್ಚೋರು ನಮ್ ಕಾಲ್ದಲ್ಲೂ ಇದ್ರು."

ಅದನ್ನು ಯಾರನ್ನೂ ಕೇಳಬೇಕಾಗಿಯೂ ಇರಲಿಲ್ಲ. ಕೇಂದ್ರದ ಪೆಟ್ಟಿಗೆ ಸಂಪರ್ಕ ಕಡಿದ ಹೊತ್ತು, ಬಂದ ಹೊತ್ತನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಸೋಮವಾರ ಆ ಪಟ್ಟಿ ತೆಗೆದು ನೋಡಿದೆ. ನಾನು ಮೊದಲು ತೆಗೆದಿಟ್ಟಿದ್ದ ಪೆಟ್ಟಿಗೆಯ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡೆ. ಒಂದು ವಾರದ ಮೇಲಿಂದ ದಿನಾ ಮಧ್ಯಾಹ್ನ ಒಂದೂವರೆ ಸುಮಾರಿಗೆ ಹೋಗಿ ನಾಲ್ಕೂವರೆಯ ಮೇಲೆ ಬರುತ್ತಿತ್ತು. ಮೋಡ ಕವಿದಿದ್ದ ಒಂದು ದಿನ ಮಾತ್ರ ಹೋಗಿರಲಿಲ್ಲ. ಅಂದರೆ ಬಿಸಿಲು. ಮೊದಲ ದಿನವೇ ನೋಡಬೇಕಾಗಿದ್ದ ಪಟ್ಟಿ ಅದು.

ಅವತ್ತು ನಾನು ವಾಪಸು ಹೊರಡಲಿಲ್ಲ. ಹನ್ನೆರಡೂವರೆಯ ಹೊತ್ತಿಗೆ ಕೇಂದ್ರದ ಮುಂದೆ ಹೊಸಬರು ಇಬ್ಬರೋ ಮೂವರೋ ಬಂದು ಕೂತರು. ಅವರಲ್ಲೊಬ್ಬಳು ನಮ್ಮ ಕಡೆ ದೊಡ್ಡಿ ಎನ್ನುವ, ಕಾಡಂಚಿನ ಒಂದು ಪುಟ್ಟ ಹಳ್ಳಿಯಿಂದ ಬಂದಿದ್ದ ಹೆಂಗಸು. ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಕಾಗದ ಪತ್ರ. ನಾನು ಕೇಂದ್ರದವಳು ಎಂದುಕೊಂಡು, "ಇವತ್ತಾದ್ರೂ ನೆಟ್ಟು ಬತ್ತದಾ ಅಕ್ಕಾ?" ಎಂದು ಕೇಳಿದಳು.

ಬೆಳಿಗ್ಗೆ ಯಾಕೆ ಬರಲಿಲ್ಲ ಎಂದೆ.

"ನಮ್ ದೊಡ್ಡೀಗೆ ಒಂದೇ ಬಸ್ಸು. ಅದು ಇಲ್ಲಿಗ್ ಬರೋದೇ ಅನ್ನೆರಡೂವರೆ. ಸಾಲು ಕರಗೋ ಒತ್ಗೆ ನೆಟ್ಟು ಓಗ್ಬುಡ್ತದೆ. ಮಗಳ ಆಸ್ಟೆಲ್ ಅರ್ಜಿಗೆ ಆದಾಯದ ಪತ್ರ ಬೇಕು. ಶುಕ್ರುವಾರಕ್ಕೇ ಕೊನೆ ಆಗೋಯ್ತು. ಇವ್ರು ಬಾ ಅಂದ್ರು, ಅದ್ಕೆ ಬಂದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ತಡವಾದದ್ದನ್ನು ಹೇಳುವ ಹಾಗೆ ಹೇಳಿದಳು. ಮಳೆ, ಆನೆ, ಬಸ್ಸು, ನೆಟ್ಟು ಎಲ್ಲವೂ ಅವಳ ಲೆಕ್ಕದಲ್ಲಿ ಒಂದೇ ಬಗೆಯವು. ಬಂದರೆ ಬಂದವು, ಹೋದರೆ ಹೋದವು. ಇದಕ್ಕೆ ಕಾರಣ ಎಲ್ಲೋ ಒಂದು ಕಡೆ ಇದೆ, ಯಾರೋ ಮಾಡಿದ್ದು ಎಂದು ಮಾತ್ರ ಆಗ ನನಗೆ ಅನಿಸಿತ್ತು.

ಬೈಕು ಹಿಡಿದು ಹನೂರಿಗೆ ಹೋದೆ. ಒಂದೂವರೆ ದಾಟಿದ ಮೇಲೆ ಯಂತ್ರ ಹಚ್ಚಿದೆ. ಬೆಳಿಗ್ಗೆಯೆಲ್ಲ ಸ್ವಚ್ಛವಾಗಿದ್ದ ಗೆರೆಯಲ್ಲಿ ಒಂದು ಕಡೆ ಮೆಟ್ಟಿಲಿಳಿದಂತೆ ಕುಸಿತ ಕಂಡಿತು. ದೂರ ಬರೆದುಕೊಂಡು ನಮ್ಮ ನಕ್ಷೆ ತೆಗೆದು ನೋಡಿದರೆ ಅಲ್ಲೊಂದು ಜಾಯಿಂಟ್ ಬಾಕ್ಸು. ರಸ್ತೆ ತಿರುವಿನ ಹತ್ತಿರ, ಮರದ ನೆರಳಿಲ್ಲದ ಕಂಬ. ಹತ್ತಿರದ ತೋಟದ ಮನೆಯಿಂದ ಏಣಿ ಕೇಳಿ ತಂದು ಹತ್ತಿದೆ. ಪೆಟ್ಟಿಗೆ ಕೈಸುಡುವಷ್ಟು ಕಾದಿತ್ತು. ಬಿಚ್ಚಿದೆ. ಒಳಗಿನ ತಟ್ಟೆಯ ಮೂಲೆಯಲ್ಲಿ ಒಂದು ಎಳೆ ಸುತ್ತಿನಿಂದ ಹೊರಗೆ ಸರಿದು, ಮುಚ್ಚಳದ ಅಂಚಿನ ಕೆಳಗೆ ಸಿಕ್ಕಿಕೊಂಡು ಗಡಸಾಗಿ ಬಾಗಿತ್ತು. ಬಿಸಿಲಿಗೆ ಪ್ಲಾಸ್ಟಿಕ್ಕು ಹಿಗ್ಗಿದಾಗ ಮುಚ್ಚಳ ಅದನ್ನು ಇನ್ನಷ್ಟು ಅದುಮುತ್ತಿತ್ತು. ಬೆಳಕು ಅಲ್ಲೇ ಸೋರಿಹೋಗುತ್ತಿತ್ತು. ಸಂಜೆ ತಣಿದ ಮೇಲೆ ಮತ್ತೆ ಹಾದುಹೋಗುತ್ತಿತ್ತು.

ಪೆಟ್ಟಿಗೆಯೊಳಗೆ ಯಾರು ಬೆಸೆದರೋ ಅವರು ಒಂದು ಚೀಟಿ ಅಂಟಿಸಬೇಕೆಂಬುದು ನಮ್ಮ ನಿಯಮ. ಚೀಟಿ ಇತ್ತು. ಅಕ್ಷರ ನನ್ನದೇ.

ಮುಚ್ಚಳ ಎತ್ತಿ ಹಿಡಿದು ಗುಮಾಸ್ತರಿಗೆ ಫೋನ್ ಮಾಡಿದೆ.

"ಬಂತಾ ಸಾ?"

ಸ್ವಲ್ಪ ಹೊತ್ತು ಬಿಟ್ಟು, "ಬಂತು" ಎಂದರು.

ಮುಚ್ಚಳ ಅದುಮಿದೆ. "ಈಗ?"

"ಓಯ್ತು. ಏನ್ ಮಾಡ್ತಿದ್ದೀರಿ ನೀವು?"

ಎಳೆಯನ್ನು ಬಿಡಿಸಿ, ಸುತ್ತು ಅಗಲ ಮಾಡಿ ಮತ್ತೆ ಕೂರಿಸಿದೆ. ಮುಚ್ಚಿದ ಮೇಲೆ ಅರ್ಧ ಗಂಟೆ ಆ ಬಿಸಿಲಲ್ಲೇ ನಿಂತು ಕಾದೆ. ಸಂಪರ್ಕ ಹೋಗಲಿಲ್ಲ. ಕೇಂದ್ರಕ್ಕೆ ವಾಪಸು ಬಂದಾಗ ದೊಡ್ಡಿಯ ಹೆಂಗಸಿನ ಅರ್ಜಿ ಹಾಕಿ ಆಗಿತ್ತು. ಅವಳು ಹೊರಟು ಹೋಗಿದ್ದಳು. ಗುಮಾಸ್ತರು ಒಂದು ಮಾತು ಕೇಳಿದರು. ಅವರು ಬಾಯಿ ಜೋರಿನವರಾದರೂ ಕೆಲಸದವರು. "ಯಾವ್ ಯಾವ್ ದಿನ, ಎಷ್ಟೊತ್ತಿಂದ ಎಷ್ಟೊತ್ತಿನಗಂಟ ನೆಟ್ ಇರ್ಲಿಲ್ಲ, ಯಾಕೆ ಇರ್ಲಿಲ್ಲ ಅಂತ ಬರ್ದುಕೊಡಿ. ಕೊನೇ ದಿನ ತಪ್ಪಿದೋರು ಆರು ಜನ ಅವ್ರೆ. ನಾನು ಮೇಲಕ್ಕೆ ಕಳಿಸ್ತೀನಿ, ಆದ್ರೆ ಆಗ್ಲಿ."

ಗುತ್ತಿಗೆದಾರರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಸಮಾಧಾನವಾಗಿಯೇ ಹೇಳಿದರು: "ನಮ್ ಜಾಯಿಂಟು ಅಂತ ಬರೀಬೇಡಮ್ಮ. ಕಬ್ಬಿನ ಟ್ರ್ಯಾಕ್ಟರ್ ಲೋಡು ತಗ್ಲಿ ಕೇಬಲ್ ಎಳ್ಕೊಂಡು ಓಯ್ತು, ಸರಿ ಮಾಡಿದ್ವಿ ಅಂತ ಬರ್ದಾಕು. ಯಾವ ಟ್ರ್ಯಾಕ್ಟರು ಅಂತ ಯಾರು ಉಡ್ಕೊಂಡು ಓಯ್ತಾರೆ?"

ಹುಡುಕಿಕೊಂಡು ಬರುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ನಮ್ಮ ಕಡೆ ರಸ್ತೆಯಲ್ಲಿ ಯಾವ ತಂತಿ ಕಿತ್ತರೂ ಮೊದಲು ನಿಲ್ಲಿಸುವುದು ಕಬ್ಬಿನ ಟ್ರ್ಯಾಕ್ಟರನ್ನು. ಅಪ್ಪನನ್ನು ಹಾಗೆ ಎರಡು ಸಲ ನಿಲ್ಲಿಸಿದ್ದರು. ಎರಡು ಸಲವೂ ಅವರದ್ದಾಗಿರಲಿಲ್ಲ. ಒಂದು ಸಲ ಇಡೀ ದಿನ ಲೋಡು ರಸ್ತೆ ಬದಿಯಲ್ಲೇ ನಿಂತು ಒಣಗಿತ್ತು. ಆದರೆ ನಾನು ನಿಜ ಬರೆದದ್ದು ಅಪ್ಪನಿಗಾಗಿ ಎಂದರೆ ಅದು ಪೂರ್ತಿ ಸರಿಯಲ್ಲ. ಟ್ರ್ಯಾಕ್ಟರ್ ತಗುಲಿತೆಂದು ಬರೆದರೆ ಅದು ಒಂದು ದಿನದ ಕತೆ. ಎಂಟು ಮಧ್ಯಾಹ್ನ ನೆಟ್ ಇರಲಿಲ್ಲ ಎನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಆರು ಜನರಿಗೆ ಬೇಕಾಗಿದ್ದದ್ದು ಆ ಎಂಟು ಮಧ್ಯಾಹ್ನಗಳ ಕತೆ.

ಗುಮಾಸ್ತರ ಮೇಜಿನ ಮುಂದೆ ಕೂತು ಒಂದು ಪುಟ ಬರೆದೆ. ದಿನ, ಹೊತ್ತು, ಕಂಬದ ಸಂಖ್ಯೆ, ಕಾರಣ. ಬೆಸೆದು ಮುಚ್ಚುವಾಗ ಎಳೆಯನ್ನು ಸರಿಯಾಗಿ ಕೂರಿಸದೆ ಇದ್ದದ್ದರಿಂದ ಹೀಗಾಗಿದೆ, ಬೆಸೆದವಳು ನಾನೇ ಎಂದು ಬರೆದು ಸಹಿ ಹಾಕಿದೆ. ಗುಮಾಸ್ತರು ಓದಿ ನನ್ನ ಮುಖ ನೋಡಿದರು. "ಇಷ್ಟೊಂದು ಬೇಕಿರ್ಲಿಲ್ಲ" ಎಂದರು. ಆದರೆ ಪತ್ರ ತೆಗೆದಿಟ್ಟುಕೊಂಡರು.

ಮುಂದಿನ ವಾರ ಗುತ್ತಿಗೆದಾರರು ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ಅದರ ಮುಂದಿನ ವಾರವೂ ಕರೆಯಲಿಲ್ಲ. ಜಗಳ ಆಗಲಿಲ್ಲ, ತೆಗೆದಿದ್ದೇವೆ ಎಂದೂ ಹೇಳಲಿಲ್ಲ. ಬೆಸೆಯುವ ಯಂತ್ರ ತೆಗೆದುಕೊಂಡು ಹೋಗಲು ಒಬ್ಬ ಬಂದ, ಕೊಟ್ಟು ಕಳಿಸಿದೆ. ಆರು ಅರ್ಜಿಗಳನ್ನೂ ತಡವಾಗಿ ಸೇರಿಸಿಕೊಂಡರೆಂದು ಗುಮಾಸ್ತರು ಫೋನ್ ಮಾಡಿ ಹೇಳಿದರು. ದೊಡ್ಡಿಯ ಹೆಂಗಸಿನ ಮಗಳಿಗೆ ಎರಡನೆಯ ಪಟ್ಟಿಯಲ್ಲಿ ಹಾಸ್ಟೆಲ್ ಸೀಟು ಸಿಕ್ಕಿತಂತೆ. ಅವಳನ್ನು ನಾನು ಮತ್ತೆ ನೋಡಿಲ್ಲ. ಅಂದು ಬಿಸಿಲಲ್ಲಿ ಏಣಿ ಹತ್ತಿದ್ದವಳೇ ಅವಳ ಮಗಳ ಅರ್ಜಿಯನ್ನೂ ಕೆಡಿಸಿದ್ದವಳು ಎನ್ನುವುದು ಅವಳಿಗೆ ಗೊತ್ತಾಗಿರಲಿಕ್ಕಿಲ್ಲ.

ಆಮೇಲಿನ ಎಂಟು ತಿಂಗಳು ನಾನು ಮೈಸೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡಿದೆ. ತಣ್ಣನೆಯ ಕೋಣೆ, ಗೋಡೆ ತುಂಬ ಪರದೆ, ಪರದೆಯ ಮೇಲೆ ನೂರಾರು ಹಸಿರು ಚುಕ್ಕೆ. ಒಂದು ಚುಕ್ಕೆ ಕೆಂಪಾದರೆ ಆ ಊರಿನವರಿಗೆ ಫೋನ್ ಮಾಡಬೇಕು. ಒಳ್ಳೆಯ ಕೆಲಸವೇ. ದೊಡ್ಡ ಜಾಲ ಹೇಗೆ ಕೆಲಸ ಮಾಡುತ್ತದೆ, ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ಹೇಗೆ ತಾನಾಗಿ ತೆರೆದುಕೊಳ್ಳುತ್ತದೆ ಎನ್ನುವುದನ್ನು ಕಲಿತದ್ದು ಅಲ್ಲಿಯೇ. ಮಾರ್ಗ ಹುಡುಕುವ ಆ ವಿದ್ಯೆಯ ಮೇಲೆ ಒಂದು ಪರೀಕ್ಷೆ ಇದೆ. ಅದರಲ್ಲಿ ಪಾಸಾದರೆ ಎಲ್ಲಿ ಹೋದರೂ ಕೆಲಸ ಎನ್ನುತ್ತಿದ್ದರು. ಮೊದಲ ಸಲ ಫೇಲಾದೆ. ವಿಷಯ ಗೊತ್ತಿತ್ತು, ಇಂಗ್ಲಿಷಿನ ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ಆಮೇಲೆ ದಿನಾ ಬಸ್ಸಿನಲ್ಲಿ ಒಂದೊಂದು ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ ನೋಟು ಪುಸ್ತಕದಲ್ಲಿ ಬರೆದೆ. ಕೊಳ್ಳೇಗಾಲದಿಂದ ಮೈಸೂರಿಗೆ ಹೋಗಿಬರುವ ದಾರಿಯಲ್ಲಿ ಎರಡು ಪುಸ್ತಕ ತುಂಬಿದವು. ಎರಡನೆಯ ಸಲ ಪಾಸಾದೆ. ಪರದೆಯ ಮೇಲೆ ಅಂಕ ಬಂದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಹೊರಗೆ ಬಂದು ಒಂದು ಕಾಫಿ ಕುಡಿದು ಬಸ್ಸು ಹತ್ತಿದೆ.

ಕೆಂಪಾದ ಚುಕ್ಕೆ ಮತ್ತೆ ಹಸಿರಾದಾಗ ಅಲ್ಲಿ ಯಾರಿಗೆ ಏನಾಯಿತು ಎಂದು ಆ ಕೋಣೆಯಲ್ಲಿ ತಿಳಿಯುತ್ತಿರಲಿಲ್ಲ. ತಿಳಿಯಬೇಕೆಂದು ಅಲ್ಲಿ ಯಾರಿಗೂ ಅನಿಸುತ್ತಿರಲೂ ಇಲ್ಲ. ನನಗೆ ಅನಿಸುತ್ತಿತ್ತು. ಅದು ಗುಣವೋ ದೋಷವೋ ಹೇಳಲಾರೆ.

ಅಷ್ಟರಲ್ಲಿ ಆ ಗುಮಾಸ್ತರ ಫೋನ್ ಬಂತು. ಅವರ ಸಂಬಂಧಿಕರಾದ ಒಬ್ಬ ಡಾಕ್ಟರಮ್ಮ ಹನೂರಿನಲ್ಲಿ ಚಿಕ್ಕದೊಂದು ಆಸ್ಪತ್ರೆ ಕಟ್ಟಿಸುತ್ತಿದ್ದರು. ಕಟ್ಟಡ ಇನ್ನೂ ಇಟ್ಟಿಗೆಯಲ್ಲಿತ್ತು. ಕಂಪ್ಯೂಟರು, ಎಕ್ಸ್‌ರೇ, ಲ್ಯಾಬು ಎಲ್ಲವನ್ನೂ ಮೊದಲಿನಿಂದ ಜೋಡಿಸಿಕೊಡುವವರು ಬೇಕಾಗಿತ್ತು. ಡಾಕ್ಟರಮ್ಮ ಮೊದಲ ದಿನ ನನ್ನ ಸರ್ಟಿಫಿಕೇಟು ಕೇಳಲಿಲ್ಲ. "ತಪ್ಪು ಮಾಡಿದ್ರೆ ಬರೆದು ಸಹಿ ಹಾಕೋ ಹುಡುಗಿ ಒಬ್ಳಿದ್ದಾಳೆ ಅಂದ್ರು. ಸಹಿ ಹಾಕೋದು ಬೇಡ, ತಪ್ಪು ಮಾಡದೆ ಇದ್ರೆ ಸಾಕು" ಎಂದರು. ನಗಲಿಲ್ಲ. ಅವರು ಹಾಗೆಯೇ ಎಂದು ಆಮೇಲೆ ಗೊತ್ತಾಯಿತು.

ಮೈಸೂರಿನ ಕೆಲಸ ಬಿಟ್ಟೆ. ಮನೆಯಲ್ಲಿ ಅವ್ವ ಎರಡು ದಿನ ಮಾತು ಬಿಟ್ಟಳು. ಇದ್ದ ಕೆಲಸ ಬಿಟ್ಟು ಇಲ್ಲದ ಕೆಲಸ ಹಿಡಿಯುವುದು ಯಾವ ಬುದ್ಧಿ ಎನ್ನುವುದು ಅವಳ ವಾದ. ಅವಳ ವಾದ ಸರಿಯಾಗಿಯೇ ಇತ್ತು.

ದೊಡ್ಡಪ್ಪನನ್ನು ಕರೆದುಕೊಂಡು ಹೋದೆ. ಅವರಿಗೆ ಆಗ ಒಂದು ಕಣ್ಣಿಗೆ ಪೊರೆ ಬಂದಿತ್ತು. ಇಟ್ಟಿಗೆ ಗೋಡೆಗಳ ನಡುವೆ ಕೈ ಸವರುತ್ತಾ ಒಂದು ಸುತ್ತು ನಡೆದರು. ಗಾರೆ ಬೀಳುವ ಮೊದಲೇ ಪೈಪುಗಳನ್ನು ಗೋಡೆಯೊಳಗೆ ಇಡಿಸು ಎಂದರು. ಅದು ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಆಮೇಲೆ ಹೇಳಿದರು: "ಒಂದೊಂದು ಕಡೀಕೂ ಒಂದು ಪೈಪು ಕಾಲಿ ಬುಡು. ನಿಂಗೆ ಇವತ್ತು ಅದ್ರಿಂದ ಏನೂ ಕೆಲ್ಸ ಇಲ್ಲ. ಅತ್ತು ವರ್ಸ ಬುಟ್ಟು ಬರೋನ್ಗೆ ಅದೆ." ಡಾಕ್ಟರಮ್ಮ ಖಾಲಿ ಪೈಪು ಯಾಕೆ ಎಂದು ಕೇಳಿದರು. ಅವರಿಗೆ ದೊಡ್ಡಪ್ಪನೇ ಉತ್ತರ ಹೇಳಿದರು. ಅವರು ಒಪ್ಪಿದರು.

ಆ ಕಟ್ಟಡದ ಪ್ರತಿಯೊಂದು ಕೇಬಲ್ಲನ್ನೂ ನಾನೇ ಎಳೆದೆ. ಎರಡೂ ತುದಿಗೆ ಸಂಖ್ಯೆ ಬರೆದೆ. ನಕ್ಷೆಯನ್ನು ಸ್ವಿಚ್ ಇಡುವ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದೆ. ಕೊನೆಯ ದಿನ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿದಾಗ ಒಂದೇ ಒಂದು ಕೊಠಡಿಯಲ್ಲಿ ಸಂಪರ್ಕ ಬರಲಿಲ್ಲ. ಬಣ್ಣದವರು ಸಾಕೆಟ್ಟಿನ ಬಾಯಿಗೆ ಬಣ್ಣ ಬಳಿದಿದ್ದರು. ಸೂಜಿಯಲ್ಲಿ ಕೆರೆದೆ, ಬಂತು. ಆ ಹೊತ್ತು ಖಾಲಿ ಕಟ್ಟಡದ ಮೆಟ್ಟಿಲ ಮೇಲೆ ಸುಮ್ಮನೆ ಸ್ವಲ್ಪ ಹೊತ್ತು ಕೂತಿದ್ದೆ. ಸಂತೋಷ ಎನ್ನುವಷ್ಟು ದೊಡ್ಡದೇನೂ ಆಗಲಿಲ್ಲ. ಎದ್ದು ಹೋಗಬೇಕು ಅನಿಸಲಿಲ್ಲ, ಅಷ್ಟೇ.

ಈಗ ಇದೇ ನನ್ನ ಕೆಲಸ. ಕೊಳ್ಳೇಗಾಲ, ಹನೂರು, ಯಳಂದೂರು, ಮೂರು ಕಡೆಯೂ ಸೇರಿ ಕೆಲವು ಶಾಲೆ, ಕೆಲವು ಅಂಗಡಿ, ಎರಡು ಆಸ್ಪತ್ರೆ. ಜೊತೆಗೆ ಇಬ್ಬರು ಹೆಂಗಸರು ಕೆಲಸ ಮಾಡುತ್ತಾರೆ. ಒಬ್ಬಳು ಮೊದಲು ಟೈಲರಿಂಗ್ ಮಾಡುತ್ತಿದ್ದವಳು, ಫೈಬರ್ ಬೆಸೆಯುವುದರಲ್ಲಿ ನನಗಿಂತ ಅಚ್ಚುಕಟ್ಟು. ತಟ್ಟೆಯ ಮುಚ್ಚಳ ಹಾಕುವ ಮೊದಲು ಪ್ರತಿ ಸುತ್ತಿನ ಫೋಟೋ ತೆಗೆಯಬೇಕು ಎನ್ನುವುದು ನಾವು ಮಾಡಿಕೊಂಡ ನಿಯಮ. ದೊಡ್ಡಪ್ಪನ ಕಣ್ಣಿನ ಆಪರೇಷನ್ ಆಯಿತು. ಆದ ಮೇಲೆ ಒಂದು ದಿನ ಮನೆಗೆ ಬಂದು ಫೈಬರ್ ತೋರಿಸು ಎಂದರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕಾಣ್ತದೆ ಕಣವ್ವ, ಆದ್ರೆ ನಂಬ್ಕೆ ಬರಾಕಿಲ್ಲ" ಎಂದು ಹಿಂದಿರುಗಿಸಿದರು.

ಕಳೆದ ತಿಂಗಳು ಅಪ್ಪ ಟ್ರೇಲರಿನಿಂದ ಇಳಿಯುವಾಗ ಕಾಲು ಜಾರಿ ಮಂಡಿ ಊದಿಸಿಕೊಂಡರು. ನನಗೆ ಅಂದು ಹನೂರಿನಲ್ಲಿ ಕೆಲಸವಿತ್ತು, ಹಾಗೇ ಆ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಎಕ್ಸ್‌ರೇ ತೆಗೆದರು. ಚಿತ್ರ ಮೈಸೂರಿನ ಮೂಳೆ ಡಾಕ್ಟರಿಗೆ ಹೋಗಿ, ಅವರು ನೋಡಿ ಹೇಳಬೇಕು. ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ಹೊಸದಾಗಿ ಸೇರಿದ ನರ್ಸ್ ಒಬ್ಬರು ಬಂದು, ಚಿತ್ರ ಆಗಲೇ ತಲುಪಿದೆ, ಇನ್ನು ಹತ್ತು ನಿಮಿಷದಲ್ಲಿ ಕರೆಯುತ್ತೇವೆ ಎಂದರು.

ಅಪ್ಪ ಸುಮ್ಮನಿರಲಿಲ್ಲ. "ಇಲ್ಲಿ ವೈರೆಲ್ಲ ಎಳ್ದಿರೋಳು ನಮ್ ಮಗಳೇ ಕಣಮ್ಮ" ಎಂದರು. ನಾನು ಅವರ ತೋಳು ಮುಟ್ಟಿದೆ. ಅಷ್ಟರಲ್ಲಿ ಹೇಳಿ ಆಗಿತ್ತು.

ನರ್ಸ್ ನನ್ನನ್ನು ನೋಡಿದರು. "ಔದಾ ಮೇಡಂ? ಒಳ್ಳೇದಾಯ್ತು. ಮೇಲಿನ ಮಹಡಿ ಕೊನೇ ವಾರ್ಡಲ್ಲಿ ಬೆಳಿಗ್ಗೆಯಿಂದ ವೈಫೈ ಬರ್ತಿಲ್ಲ. ಒಂಚೂರು ನೋಡ್ತೀರಾ?"

ಅಪ್ಪನನ್ನು ಅಲ್ಲೇ ಕೂರಿಸಿ ಮೇಲೆ ಹೋದೆ. ಬೆಳಿಗ್ಗೆ ಎಷ್ಟೊತ್ತಿಗೆ ಹೋಯಿತು ಎಂದು ವಾರ್ಡಿನಲ್ಲಿದ್ದವರನ್ನು ಕೇಳಿದೆ. ಗುಡಿಸುವವರು ಬಂದು ಹೋದ ಮೇಲೆ ಎಂದರು. ಬಾಗಿಲ ಹಿಂದೆ ನೋಡಿದೆ. ವೈಫೈ ಪೆಟ್ಟಿಗೆಯ ಪ್ಲಗ್ಗು ಕಿತ್ತು ಯಾರೋ ಮೊಬೈಲ್ ಚಾರ್ಜಿಗೆ ಹಾಕಿದ್ದರು. ಮೊಬೈಲನ್ನು ಕಿಟಕಿಯ ಪಕ್ಕದ ಸಾಕೆಟ್ಟಿಗೆ ಬದಲಾಯಿಸಿ, ಪ್ಲಗ್ಗನ್ನು ಅದರ ಜಾಗಕ್ಕೆ ಹಾಕಿದೆ. ದೀಪ ಹತ್ತುವವರೆಗೆ ನಿಂತು ಕೆಳಗಿಳಿದೆ.

"ಏನಾಗಿತ್ತು?" ಎಂದರು ಅಪ್ಪ.

"ಪ್ಲಗ್ ಕಿತ್ತಿದ್ರು."

"ಅಷ್ಟೇಯಾ?"

"ಹೆಚ್ಚಾಗಿ ಅಷ್ಟೇ ಇರೋದು."

ಒಳಗಿನಿಂದ ನಮ್ಮ ಟೋಕನ್ ಕರೆದರು. ಅಪ್ಪ ನನ್ನ ಹೆಗಲು ಹಿಡಿದು ಎದ್ದರು. ಮೂಳೆಗೆ ಏನೂ ಆಗಿಲ್ಲ, ಹದಿನೈದು ದಿನ ಟ್ರ್ಯಾಕ್ಟರ್ ಹತ್ತಬೇಡಿ ಎಂದು ಡಾಕ್ಟರಮ್ಮ ಹೇಳಿದರು. ಅಪ್ಪ ಎಂಟು ದಿನಕ್ಕೆ ಹತ್ತಿದರು.